ನಮ್ಮ ಮಾವನೂ ಬಾಡಿಗೆ ಗಾಡಿಯೂ

ನಮ್ಮ ಸೋದರಮಾವನ ಜೊತೆ ನೀವು ಆಟೋ ಹತ್ತಿದಿರೋ, ಎರಡರಲ್ಲಿ ಒಂದು ಖಂಡಿತ. ಒಂದೋ, ಹತ್ತಿದ ಆಟೋದಿಂದ ಇಳಿದು ಮನೆಯವರೆಗೂ ನಡೆಯುತ್ತೀರಿ. ಇಲ್ಲವೋ, ಆ ಆಟೋದವನನ್ನು ಮನೆಯೊಳಗೆ ಕೂರಿಸಿ ಮುದ್ದೆ, ಕೋಳಿಸಾರು ಬಡಿಸುತ್ತೀರಿ. ಸುಮ್ಮನೆ ಹತ್ತಿ, ಸುಮ್ಮನೆ ಇಳಿದು, ಕೇಳಿದ್ದನ್ನು ಕೊಟ್ಟು ಬರುವ ಇನ್ನೊಂದು ದಾರಿಯೂ ಲೋಕದಲ್ಲಿ ಉಂಟೆಂದು ಮಾವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿದ್ದರೂ ಅವರು ನಂಬುತ್ತಿರಲಿಲ್ಲ ಬಿಡಿ!

ಮಾವನ ಊರು ನಾಗಮಂಗಲಕ್ಕೂ ಕೆ.ಆರ್. ಪೇಟೆಗೂ ನಡುವೆ, ಎರಡು ಕಡೆಯ ಬಸ್ಸೂ ಸರಿಯಾಗಿ ಬಾರದ ಜಾಗದಲ್ಲಿದೆ. ಮನೆಮನೆಗೆ ಟ್ರಾಕ್ಟರು ಬರುವ ಮುಂಚೆ ಅವರು ದನದ ವ್ಯಾಪಾರ ಮಾಡುತ್ತಿದ್ದರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದರೆ ಸಾಕು, ಎತ್ತಿನ ವಯಸ್ಸನ್ನೂ ಅದರ ಒಡೆಯನ ಕಷ್ಟವನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದರು. ಬರಬರುತ್ತಾ ಎತ್ತು ಕೊಳ್ಳುವವರು ಇಲ್ಲವಾದರು, ಮಾವನ ವ್ಯಾಪಾರ ನಿಂತಿತು. ಆದರೆ ವ್ಯಾಪಾರದ ಚಪಲ ನಿಲ್ಲಬೇಕಲ್ಲ? ಮನೆಯೊಳಗೆ ಚೌಕಾಶಿ ಮಾಡೋಣವೆಂದರೆ ಅತ್ತೆ ಬಿಡುವವರಲ್ಲ. ಅಂಗಡಿಗೆ ಹೋದರೆ ಸೋಪಿನ ಮೇಲೂ ಬಿಸ್ಕತ್ತಿನ ಮೇಲೂ ಬೆಲೆಯನ್ನು ಅಚ್ಚುಹಾಕಿಬಿಟ್ಟಿದ್ದಾರೆ. ಇನ್ನು ಉಳಿದವರು ಯಾರು? ಪಾಪ, ಆಟೋದವರು ಮತ್ತು ಟ್ಯಾಕ್ಸಿಯವರು.

ಮಾವನ ಶಾಸ್ತ್ರದಲ್ಲಿ ಬಹಳ ಮುಖ್ಯವಾದ ವಿದ್ಯೆ ಬೆನ್ನು ತಿರುಗಿಸಿ ನಡೆಯುವುದು. ದನದ ಸಂತೆಯಲ್ಲಿ ಇದೊಂದು ಮರ್ಯಾದೆಯ ಕಲೆಯಂತೆ. ಬೆಲೆ ಕುದುರದಿದ್ದಾಗ ಕೊಳ್ಳುವವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡಬೇಕು. ಜೋರಾಗಿ ನಡೆಯಬಾರದು, ಹಿಂದೆ ತಿರುಗಿಯೂ ನೋಡಬಾರದು. ಮಾರುವವನು ಸ್ವಲ್ಪ ದೂರ ಹೋಗಲು ಬಿಟ್ಟು, 'ಬನ್ನಿ ಗೌಡ್ರೇ, ಅದ್ಯಾಕಂಗೆ ಓಯ್ತೀರಿ' ಎಂದು ಕರೆಯಬೇಕು. ಹೋಗುವವನು ನಿಜವಾಗಿ ಹೋಗುತ್ತಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಹೋಗಬೇಕು, ಕರೆಯಬೇಕು. ಕರೆಯದಿದ್ದರೆ ಅದು ಮನುಷ್ಯರ ಲಕ್ಷಣವಲ್ಲ ಎಂಬುದು ಮಾವನ ನಂಬಿಕೆ.

ಒಮ್ಮೆ ಮಾವ, ಅತ್ತೆ ಮತ್ತು ನಾನು ಪಾಂಡವಪುರದ ರೈಲು ನಿಲ್ದಾಣದಲ್ಲಿ ಇಳಿದೆವು. ನಾನಿರುವುದು ಬಾಬುರಾಯನಕೊಪ್ಪಲಿನಲ್ಲಿ, ಶ್ರೀರಂಗಪಟ್ಟಣದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಆ ದಿನ ಶಾಲೆಗೆ ರಜೆ. ಪಾಂಡವಪುರದಲ್ಲಿರುವ ನಮ್ಮ ದೊಡ್ಡಮ್ಮನನ್ನು ನೋಡಿಕೊಂಡು ಬರೋಣವೆಂದು ಹೊರಟಿದ್ದೆವು. ನಿಲ್ದಾಣದಿಂದ ಪೇಟೆ ಸ್ವಲ್ಪ ದೂರವೇ. ಹೊರಗೆ ನಿಂತಿದ್ದ ಆಟೋದವನು ಬಾಡಿಗೆ ಹೇಳಿದ. ಮಾವ ನಕ್ಕರು. ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಆ ನಗುವನ್ನು ತಡೆಯುವುದು ಕಷ್ಟ. ನಕ್ಕು, ಅರ್ಧಕ್ಕೆ ಕೇಳಿ, ಟವೆಲ್ ಕೊಡವಿ ನಡೆದೇಬಿಟ್ಟರು. ಬಿಸಿಲಿನಲ್ಲಿ ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ಹಲಸಿನಹಣ್ಣು ಹೊತ್ತ ನಾನು! ಆಟೋದವನು ಒಳ್ಳೆಯ ಸಂಪ್ರದಾಯಸ್ಥ. ಮೆಲ್ಲಗೆ ಗಾಡಿ ಬಿಟ್ಟುಕೊಂಡು ಪಕ್ಕದಲ್ಲೇ ಬಂದ.

"ಬಿಸ್ಲಲ್ಲಿ ಯಾಕ್ ನಡೀತೀರಿ? ಕುಂತ್ಕಳಿ ಗೌಡ್ರೇ."

"ಯಾವೂರ್ಲಾ ನಿಂದು?" ಎಂದರು ಮಾವ.

"ಮೇಲುಕೋಟೆ ತಾವು."

"ನಿಮ್ಮಪ್ಪನ ಎಸ್ರೇನು? ನಿಮ್ಮವ್ವ ಎತ್ಲಾಗೋಳು?"

ಹತ್ತಿ ಕೂತೆವು. ಆಟೋ ಓಡುತ್ತಿದ್ದಷ್ಟು ಹೊತ್ತೂ ವಿಚಾರಣೆ ನಡೆಯಿತು. ಅವನ ಅಜ್ಜಿ ಕೆ.ಆರ್. ಪೇಟೆ ಕಡೆಯವಳು, ಅಜ್ಜಿಯ ತಂಗಿಯನ್ನು ಕೊಟ್ಟಿದ್ದು ಮಾವನ ಪಕ್ಕದ ಊರಿಗೆ ಎಂದು ತಿಳಿಯುವ ಹೊತ್ತಿಗೆ ದೊಡ್ಡಮ್ಮನ ಮನೆ ಬಂತು. "ಅಂಗಾದ್ರೆ ನೀನು ನಂಗೆ ಮೊಮ್ಮಗ ಆಗ್ಬೇಕು ಕಣ್ಲಾ! ತಾತನ್ ತಾವ ಬಾಡಿಗೆ ಈಸ್ಕಂಡೀಯಾ?" ಎಂದು ಮಾವ ಗುಡುಗಿದರು. ಅವನು ಪೆಚ್ಚಾಗಿ, ಬೇಡ ಬುಡಿ ತಾತ ಎಂದ. ಮಾವ ಗೆದ್ದರು! ಆದರೆ ಮನೆ ಬಾಗಿಲಿಗೆ ಬಂದ ಮೊಮ್ಮಗನನ್ನು ಉಣ್ಣಿಸದೆ ಕಳಿಸುವುದುಂಟೆ? ದೊಡ್ಡಮ್ಮನ ಹಿತ್ತಿಲಲ್ಲಿದ್ದ ಹುಂಜಕ್ಕೆ ಅವತ್ತೇ ಮುಹೂರ್ತವಾಯಿತು. ಮೊದಲ ಸಲ ಕಂಡ ಮೊಮ್ಮಗನ ಕೈಗೆ ಏನೂ ಇಡದೆ ಕಳಿಸುವುದೂ ಸರಿಯಲ್ಲ. ಮಾವ ಜೇಬಿನಿಂದ ತೆಗೆದು ಅವನ ಕೈಯಲ್ಲಿ ಇಟ್ಟದ್ದು ಅವನು ಮೊದಲು ಕೇಳಿದ ಬಾಡಿಗೆಗಿಂತ ಹೆಚ್ಚಿತ್ತು.

ಅವನು ಹೋದ ಮೇಲೆ ಅತ್ತೆ ಎಲೆ ಎತ್ತುತ್ತಾ, "ಕೇಳ್ದಾಗ್ಲೇ ಕೊಟ್ಟಿದ್ರೆ ಅಕ್ಕನ ಕೋಳಿ ಆದ್ರೂ ಉಳೀತಿತ್ತು" ಎಂದರು.

ಇನ್ನೊಂದು ಸಲ ಮಾವ ನಮ್ಮ ಮನೆಗೆ ಬರುವಾಗ ಹೊಸ ಪಂಚೆ, ಗರಿಗರಿಯಾದ ಬಿಳಿ ಅಂಗಿ ತೊಟ್ಟು ಶ್ರೀರಂಗಪಟ್ಟಣದಲ್ಲಿ ಇಳಿದರು. ಆಟೋದವನೊಬ್ಬ ಓಡಿಬಂದು, "ಸಾರ್, ಕೋಟೆ, ದೇವಸ್ಥಾನ, ಸಂಗಮ ಎಲ್ಲಾ ತೋರುಸ್ತೀನಿ ಬನ್ನಿ" ಎಂದನಂತೆ. ಮಾವನಿಗೆ ಆದ ಅವಮಾನ ಅಷ್ಟಿಷ್ಟಲ್ಲ! "ನಂಗೇ ಪಟ್ಣ ತೋರುಸ್ತೀಯೇನ್ಲಾ? ನಿಮ್ಮಪ್ಪ ಚಡ್ಡಿ ಆಕೋಕ್ ಮುಂಚೆ ಇಲ್ಲಿ ಮಿಂದೋನು ನಾನು" ಎಂದು ಅವನ ಮೇಲೆ ಎಗರಾಡಿ, ಕೋಪದಲ್ಲಿ ನಡೆದುಕೊಂಡೇ ನಮ್ಮ ಮನೆಗೆ ಬಂದರು. ಬಟ್ಟೆ ನೋಡಿ ಬಾಡಿಗೆ ಏರಿಸುತ್ತಾರೆಂದು ಅವತ್ತು ಅವರಿಗೆ ಜ್ಞಾನೋದಯವಾಯಿತು. ಅಂದಿನಿಂದ ಪ್ರಯಾಣಕ್ಕೆಂದೇ ಒಂದು ಅಂಗಿ ಎತ್ತಿಟ್ಟಿದ್ದಾರೆ. ಕಾಲರು ಸವೆದು ಮೊಣಕೈ ತೇಪೆ ಕಂಡ ಆ ಅಂಗಿಯನ್ನು ಅತ್ತೆ ಎಷ್ಟು ಸಲ ನೆಲ ಒರೆಸಲು ಎತ್ತಿಟ್ಟರೂ ಅದು ಹೇಗೋ ಮಾವನ ಮೈಮೇಲೆ ಮರಳಿ ಪ್ರತ್ಯಕ್ಷವಾಗುತ್ತದೆ.

ಹಾಗೆಂದು ಮಾವನನ್ನು ಬರೀ ಜುಗ್ಗ ಎಂದುಕೊಳ್ಳಬೇಡಿ. ಅವರು ಹೇಳುವುದರಲ್ಲಿ ವಿವೇಕ ಇಲ್ಲದಿಲ್ಲ. ಬಾಡಿಗೆ ಎಷ್ಟೆಂದು ಬಾಡಿಗೆಯವನನ್ನೇ ಕೇಳಬಾರದು, ಅಲ್ಲಿ ಹೂ ಮಾರುವವಳನ್ನು ಕೇಳಬೇಕು ಎನ್ನುತ್ತಾರೆ. ಹೇಳಿದ್ದು ತಲೆಗೋ ಗಾಡಿಗೋ, ಗಂಟುಮೂಟೆ ಸೇರಿಯೋ ಬಿಟ್ಟೋ, ಟೋಲು ಯಾರ ಪಾಲಿಗೆ, ಇದೆಲ್ಲ ಹತ್ತುವ ಮುಂಚೆಯೇ ಆಗಬೇಕು, ಇಳಿದ ಮೇಲೆ ರಾಗ ತೆಗೆಯಬಾರದು ಎನ್ನುತ್ತಾರೆ. ಪರವೂರಿನಲ್ಲಿ ಕಾಲಿಟ್ಟ ಕೂಡಲೇ ಮುಖ ನೋಡಿ ನಮ್ಮನ್ನು ಅಳೆಯುವವರು ಎಲ್ಲೆಲ್ಲೂ ಇರುತ್ತಾರಲ್ಲ? ನಾವಾದರೋ ನಾಚಿಕೆಗೆ ಕೊಟ್ಟು ಬರುತ್ತೇವೆ, ಮನೆಗೆ ಬಂದು ಗೊಣಗುತ್ತೇವೆ. ಮಾವ ಅಲ್ಲೇ ನಿಂತು ಜಗಳವಾಡುತ್ತಾರೆ. ಎಷ್ಟೋ ಸಲ ಅವರ ಜೊತೆ ಹೋಗಿ ತಲೆ ತಗ್ಗಿಸಿ ನಿಂತಿದ್ದೇನೆ; ಆದರೆ ಅವರು ಇಲ್ಲದೆ ಒಬ್ಬಳೇ ಹೋದಾಗ ಅವರ ಪ್ರಶ್ನೆಗಳನ್ನೇ ಕೇಳುತ್ತೇನೆ.

ಫೋನಿನಲ್ಲಿ ಟ್ಯಾಕ್ಸಿ ಕರೆಯುವ ಕಾಲ ಬಂದಾಗ ನಾನು, ಇನ್ನು ಮಾವನ ಆಟ ಮುಗಿಯಿತು ಎಂದುಕೊಂಡೆ. ಮೈಸೂರಿನಲ್ಲಿ ಒಂದು ದಿನ ಫೋನು ತೆರೆದು, ಬಾಡಿಗೆ ಇಷ್ಟು ಎಂದು ತೋರಿಸಿದೆ. ನೋಡುತ್ತಿದ್ದಂತೆಯೇ ಅದು ಏರಿತು. ಮಾವನ ಕಣ್ಣು ಮಿಂಚಿತು. "ಇದೂ ದಲ್ಲಾಳೀನೇ ಕಣವ್ವ! ನಮ್ಗೆ ಅರ್ಜೆಂಟು ಅಂತ ಅದ್ಕೆ ಗೊತ್ತಾಗದೆ. ಮಕಾಡೆ ಮಡಗು ಅದ್ನ" ಎಂದು ಫೋನನ್ನು ಕಲ್ಲುಬೆಂಚಿನ ಮೇಲೆ ಬೋರಲು ಮಲಗಿಸಿ ನನ್ನನ್ನು ಟೀ ಕುಡಿಯಲು ಕರೆದುಕೊಂಡು ಹೋದರು. ಫೋನಿಗೆ ಕಾವಲು ಅತ್ತೆ! ನಾವು ಬಂದು ಎತ್ತಿ ನೋಡಿದರೆ ಬಾಡಿಗೆ ನಿಜವಾಗಿಯೂ ಇಳಿದಿತ್ತು. ಆಮೇಲೆ ಮಾವನ ಮುಂದೆ ಯಾರು ಮಾತಾಡಬೇಕು?

ಇಂಥ ಮಾವನನ್ನು ಕಟ್ಟಿಕೊಂಡು ನಾವು ಸಮುದ್ರಯಾನಕ್ಕೆ ಹೊರಟೆವು ಎಂದರೆ ನೀವು ನಂಬಬೇಕು.

ಆಸೆ ಅತ್ತೆಯದು. ಅವರು ಪಾಲಹಳ್ಳಿಯ ಹೆಣ್ಣುಮಗಳು, ಕನ್ನಂಬಾಡಿ ಕಟ್ಟೆಯ ನೆರಳಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ಕಟ್ಟೆಯ ಮೇಲೆ ನಿಂತು ನೀರು ನೋಡುವಾಗಲೆಲ್ಲ, ಎಷ್ಟು ನೀರಿದ್ದರೂ ಆಚೆ ದಡ ಕಂಡೇ ಕಾಣುತ್ತದಲ್ಲ ಎಂದು ಅವರಿಗೆ ಬೇಸರವಾಗುತ್ತಿತ್ತಂತೆ. ಆಚೆ ದಡವೇ ಇಲ್ಲದ ನೀರು ನೋಡಬೇಕು, ಅದೂ ದಡದಲ್ಲಿ ನಿಂತಲ್ಲ, ನಡುವೆ ನಿಂತು ಸುತ್ತಲೂ ನೋಡಬೇಕು. ಇದನ್ನು ಅವರು ನನಗೆ ನಾನು ಲಂಗ ತೊಡುತ್ತಿದ್ದ ಕಾಲದಿಂದ ಹೇಳುತ್ತಿದ್ದಾರೆ. ಎರಡು ಹಸು ಕಟ್ಟಿ, ಡೈರಿಗೆ ಹಾಲು ಹಾಕಿ, ಮಾವ ಆ ದುಡ್ಡಿನ ತಂಟೆಗೆ ಬಾರದ ಹಾಗೆ ಕಾಪಾಡಿಕೊಂಡು, ಒಂದು ದಿನ ನಮ್ಮ ಮನೆಗೆ ಬಂದು, "ಅಡಗಿಗೆ ಟಿಕೀಟು ಮಾಡ್ಸು ಮಗಾ" ಎಂದರು.

ಕೊಚ್ಚಿಯಿಂದ ಹೊರಟು ಎರಡು ರಾತ್ರಿ ಸಮುದ್ರದಲ್ಲಿದ್ದು ಕೊಚ್ಚಿಗೇ ಮರಳುವ ಹಡಗು. ಹೊರಡುವುದು ಸಂಜೆ, ಆದರೆ ಮಧ್ಯಾಹ್ನ ಎರಡರೊಳಗೆ ಬಂದರಿನ ಬಾಗಿಲಲ್ಲಿ ಹಾಜರಿರಬೇಕು. ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ, ದುಡ್ಡೂ ಹಿಂತಿರುಗಿಸುವುದಿಲ್ಲ. ಅದನ್ನು ನಾನು ಇಬ್ಬರಿಗೂ ಬಿಡಿಸಿ ಹೇಳಿದೆ. ಮಾವ ಎಲ್ಲ ಕೇಳಿ ಒಂದೇ ಷರತ್ತು ಹಾಕಿದರು: "ಅಡಗಿನ ಯವಾರ ನಿಮ್ದು. ಗಾಡಿ ಯವಾರ ನಂದು."

ಅತ್ತೆ ಒಪ್ಪಿಬಿಟ್ಟರು! ಹಡಗೇ ಸಿಕ್ಕಿದ ಮೇಲೆ ಗಾಡಿಯದೇನು ದೊಡ್ಡದು ಎಂದುಕೊಂಡರೇನೋ.

ಆಮೇಲಿನ ದಿನಗಳಲ್ಲಿ ಅತ್ತೆಯನ್ನು ನೀವು ನೋಡಬೇಕಿತ್ತು. ಡೈರಿಯಲ್ಲಿ ಹಾಲು ಅಳೆಸಲು ನಿಂತ ಹೆಂಗಸರಿಗೆಲ್ಲ ಹಡಗಿನ ವರ್ಣನೆ. ವಾಂತಿ ಬಂದರೆ ಇರಲಿ ಎಂದು ನಿಂಬೆಹಣ್ಣು, ಹಡಗಿನವರ ಊಟ ರುಚಿಸದಿದ್ದರೆ ಎಂದು ಚಟ್ನಿಪುಡಿ, ಸಮುದ್ರದಮ್ಮನಿಗೆ ಎಂದು ಅರಿಶಿನ ಕುಂಕುಮ. ಹಸುಗಳನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಅವುಗಳ ಹಣೆ ಸವರಿ ಬಂದವರು ಮದುವೆಯ ರೇಷ್ಮೆ ಸೀರೆ ಉಟ್ಟೇ ಹೊರಟರು. ಪಕ್ಕದಲ್ಲಿ ತೇಪೆ ಅಂಗಿಯ ಮಾವ! ಮಗಳ ಮನೆಗೆ ಹೊರಟ ಸಾಹುಕಾರಗಿತ್ತಿ ಜೊತೆಯಲ್ಲಿ ಆಳನ್ನು ಕರೆದುಕೊಂಡು ಬಂದ ಹಾಗೆ ಕಾಣುತ್ತಿತ್ತು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಬೇಡವೆಂದು ಮಾವ ನಮ್ಮನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದರು. ಬೆಳಗಾಗುವ ಮುಂಚೆ ಎಬ್ಬಿಸಿದ್ದರಿಂದ ಅಲ್ಲಿ ಅರ್ಧ ದಿನ ಕಾದು ಕೂತೆವು ಅನ್ನುವುದು ಬೇರೆ ಮಾತು.

ಕೊಚ್ಚಿಯ ವಿಮಾನ ನಿಲ್ದಾಣದ ಹೊರಗೆ ಟ್ಯಾಕ್ಸಿಯವರು ನಿಂತಿದ್ದರು. ನಾನು, ಒಳಗಡೆಯೇ ದುಡ್ಡು ಕಟ್ಟಿ ಚೀಟಿ ತಗೊಳ್ಳೋಣ, ಅಲ್ಲಿ ದರ ಬರೆದಿದ್ದಾರೆ ಎಂದೆ. "ಮೊದ್ಲೇ ದುಡ್ಡೀಸ್ಕಂಡೋನು ಗಾಡಿ ಯಾಕೋಡ್ಸಾನು?" ಎಂದು ಮಾವ ನೇರವಾಗಿ ಒಬ್ಬ ಹುಡುಗ ಡ್ರೈವರಿನ ಬಳಿ ಹೋದರು. ಭಾಷೆ ಬಾರದಲ್ಲ, ಏನು ಮಾಡುತ್ತಾರೆ ನೋಡೋಣ ಎಂದು ನಾನು ನಿಂತೆ. ಮಾವನಿಗೆ ಭಾಷೆ ಯಾಕೆ ಬೇಕು? ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದೇ ಇಲ್ಲ. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಒಳಗೊಳಗೇ ಬೆರಳು ಹಿಡಿದು ಒತ್ತಿ ಇಷ್ಟು, ಅಷ್ಟು ಎಂದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಮಾವ ಆ ಹುಡುಗನ ಕೈಯನ್ನು ಮೆಲ್ಲಗೆ ಹಿಡಿದರು, ಟವೆಲ್ ಹೊದಿಸಿದರು, ಕಣ್ಣು ಅರೆಮುಚ್ಚಿ ಒಂದು ಬೆರಳು ಒತ್ತಿದರು.

ಹುಡುಗ ಮಾವನ ಮುಖ ನೋಡಿದ. ಹರಿದ ಕಾಲರು ನೋಡಿದ. ಅವನ ಮುಖದಲ್ಲಿ ಮರುಕ ಮೂಡಿತು. ಇನ್ನೊಂದು ಕೈಯನ್ನು ಜೇಬಿಗೆ ಹಾಕಿ ಏನನ್ನೋ ತೆಗೆದು ಟವೆಲ್ಲಿನೊಳಗೆ ತೂರಿಸಿ, ಎರಡೂ ಕೈಯಿಂದ ಮಾವನ ಕೈ ಮುಚ್ಚಿ, ಅಲ್ಲಿಂದ ಹೊರಟೇಹೋದ. ಮಾವ ಟವೆಲ್ ಸರಿಸಿ ನೋಡಿದರೆ ಅಂಗೈಯಲ್ಲಿ ಹತ್ತು ರೂಪಾಯಿಯ ನೋಟು!

ಅತ್ತೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಮಾವ ಮಾತ್ರ ಗಂಭೀರವಾಗಿ, "ನೋಡುದ್ರಾ? ಈ ಊರಲ್ಲಿ ಗಾಡಿಯವ್ರೇ ನಮ್ಗೆ ಕಾಸು ಕೊಡ್ತಾರೆ" ಎಂದು ನೋಟನ್ನು ಮಡಿಸಿಟ್ಟುಕೊಂಡರು. ಆ ನಗುವಿನ ಗಲಾಟೆಯಲ್ಲೇ ನಾನು ಒಳಗೆ ಹೋಗಿ ಚೀಟಿ ಮಾಡಿಸಿಕೊಂಡು ಬಂದೆ. ಆ ರಾತ್ರಿ ಉಳಿಯಲು ಗೊತ್ತುಮಾಡಿದ್ದ ಹೋಟೆಲಿಗೆ ಹೋದೆವು.

ಸಂಜೆ ಅವರು ಹೊರಗೆ ಹೋಗಿ ಬಂದರಿನ ಬಾಡಿಗೆ ಎಷ್ಟೆಂಬ ತನಿಖೆ ನಡೆಸಿದರು. ಬಾಳೆಹಣ್ಣು ಮಾರುವವನ ಮುಂದೆ, ಲಾಟರಿ ಟಿಕೆಟು ಮಾರುವವಳ ಮುಂದೆ, ಹೋಟೆಲಿನ ಕಾವಲುಗಾರನ ಮುಂದೆ ಸ್ಟೇರಿಂಗು ತಿರುಗಿಸುವ ಹಾಗೆ ಅಭಿನಯಿಸಿ, ಆಮೇಲೆ ಹಡಗಿನ ಹಾಗೆ ಕೂಗಿ ತೋರಿಸಿದರಂತೆ. ಹೇಗೆ ಕೂಗಿದರೋ ದೇವರೇ ಬಲ್ಲ. ಅಂತೂ ಮೂವರ ಮಾತನ್ನೂ ತಾಳೆ ಹಾಕಿ ತಂದ ಬಾಡಿಗೆ ನನ್ನ ಫೋನು ತೋರಿಸಿದ್ದಕ್ಕೆ ಸರಿಯಾಗಿ ಹೊಂದಿತು. ನನಗೆ ಹೆಮ್ಮೆಯೇ ಆಯಿತು. ಎಲ್ಲವೂ ಸರಿಹೋಗುತ್ತದೆ ಎಂದುಕೊಂಡೆ.

ಮಾರನೆಯ ದಿನ ಊಟ ಮುಗಿಸಿ ಫೋನಿನಲ್ಲಿ ಟ್ಯಾಕ್ಸಿ ಕರೆದೆ. ಬಂತು. ಸಾಮಾನೆಲ್ಲ ಹಿಂದೆ ಇಟ್ಟಾದ ಮೇಲೆ ಡ್ರೈವರು, ಬಂದರಿನಿಂದ ಖಾಲಿ ಬರಬೇಕು, ಪೆಟ್ಟಿಗೆಗಳು ದೊಡ್ಡವು, ಇನ್ನಷ್ಟು ಕೊಡಿ ಎಂದ. ಫೋನಿನಲ್ಲಿದ್ದದ್ದರ ಮೇಲೆ ಹೆಚ್ಚುಕಡಿಮೆ ಅಷ್ಟೇ ಮತ್ತೆ! ನಾನು ಅದನ್ನು ಮಾವನಿಗೆ ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಹೇಳದಿದ್ದರೂ ಅವರಿಗೆ ಅವನ ಮುಖದಲ್ಲೇ ಗೊತ್ತಾಗಿತ್ತು.

"ಕೊಟ್ಟುಬಿಡೋಣ ಮಾವ, ಹೊತ್ತಾಗುತ್ತೆ" ಎಂದೆ.

"ಓಗ್ಲಿ ಬುಡಿ ಅತ್ಲಾಗೆ" ಎಂದರು ಅತ್ತೆ, ಆಗಲೇ ಗಾಡಿಯೊಳಗೆ ಕಾಲಿಟ್ಟು.

ಮಾವ ಅತ್ತೆಯನ್ನು ನೋಡಿದರು. "ಸುಮ್ಕಿರಮ್ಮಿ. ಮಳೇಲೂ ಚಳೀಲೂ ಎದ್ದು ಕರೆದ ಹಾಲಿನ ಕಾಸದು. ಇವ್ನಿಗೆ ಯಾಕ್ ಕೊಡ್ಬೇಕು?" ಎಂದರು. ಅವರ ದನಿಯಲ್ಲಿ ಚೌಕಾಶಿಯ ಖುಷಿ ಇರಲಿಲ್ಲ. ನ್ಯಾಯ ಅವರ ಕಡೆಗೇ ಇತ್ತು. ಸಾಮಾನು ಇಳಿಸಿ, ಅತ್ತೆಯನ್ನೂ ಇಳಿಸಿ, ಟವೆಲ್ ಕೊಡವಿ, ಬೆನ್ನು ತಿರುಗಿಸಿ ನಡೆದರು. ಜೋರಾಗಿ ನಡೆಯಲಿಲ್ಲ, ಹಿಂದೆ ತಿರುಗಿ ನೋಡಲಿಲ್ಲ. ಪೆಟ್ಟಿಗೆ ಎಳೆದುಕೊಂಡು ನಾವೂ ಹಿಂದೆ ನಡೆದೆವು.

"ಬಂದ್ನಾ?" ಎಂದರು, ಮುಂದೆ ನೋಡುತ್ತಲೇ.

ನಾನು ತಿರುಗಿ ನೋಡಿದೆ. ಹೋಟೆಲಿನ ಮುಂದೆ ರಸ್ತೆ ಖಾಲಿ ಇತ್ತು.

"ಇಲ್ಲ ಮಾವ."

"ಬತ್ತಾನೆ. ನಡಿ."

ಇನ್ನೂ ಸ್ವಲ್ಪ ದೂರ ನಡೆದೆವು. ಯಾರೂ ಕರೆಯಲಿಲ್ಲ. ಬೇಡವೆಂದು ಹೊರಟವರು ನಿಜವಾಗಿಯೂ ಬೇಡವೆಂದೇ ಹೊರಟರು ಎಂದು ತಿಳಿದು ಆ ಡ್ರೈವರು ಬೇರೆ ಬಾಡಿಗೆಗೆ ಹೋಗಿದ್ದ. ಅವನದೇನು ತಪ್ಪು? ಹೆಚ್ಚು ಕೇಳಿದ್ದು ತಪ್ಪಿರಬಹುದು, ಆದರೆ ಬೆನ್ನು ತೋರಿಸಿದವರನ್ನು ಕೂಗಿ ಕರೆಯಬೇಕು ಎಂದು ಅವನಿಗೆ ಯಾರು ಹೇಳಿದ್ದರು? ಮಾವ ಕೊನೆಗೂ ನಿಂತು, ತಿರುಗಿ ನೋಡಿದರು. ಖಾಲಿ ರಸ್ತೆಯನ್ನು ನೋಡುತ್ತಾ ನಿಂತ ಅವರ ಮುಖ ನನಗೆ ಇವತ್ತಿಗೂ ನೆನಪಿದೆ. ಅಷ್ಟು ವಯಸ್ಸಾಗಿದೆ ಅವರಿಗೆ ಎಂದು ನಾನು ಅದುವರೆಗೆ ಗಮನಿಸಿರಲಿಲ್ಲ.

ಫೋನಿನಲ್ಲಿ ಮತ್ತೆ ಟ್ಯಾಕ್ಸಿ ಹುಡುಕಿದೆ. ಒಬ್ಬ ಬರುತ್ತೇನೆಂದು ಹೇಳಿ ಬರಲಿಲ್ಲ. ಇನ್ನೊಬ್ಬನಿಗೆ ಕಾಯುತ್ತಾ ನಿಂತೆವು. ಬಾಡಿಗೆ ಏರುತ್ತಲೇ ಇತ್ತು. ಮಾವ ಫೋನಿನ ಕಡೆ ನೋಡಲೂ ಇಲ್ಲ. ಕೊನೆಗೆ ಬಂದ ಗಾಡಿಗೆ, ತಲೆಗೋ ಗಾಡಿಗೋ ಎಂದು ಕೇಳದೆ, ಎಷ್ಟು ಎಂದೂ ಕೇಳದೆ ಹತ್ತಿ ಕೂತರು. ನಾನು ಕಂಡಂತೆ ಅವರ ಜೀವಮಾನದಲ್ಲಿ ಅದೇ ಮೊದಲು. ಬಂದರಿಗೆ ಹೋಗುವ ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಮಾವ ಮುಂದಕ್ಕೆ ಬಗ್ಗಿ, "ಎಷ್ಟಾರಾ ಈಸ್ಕೊ ಕಣಪ್ಪ, ಒಸಿ ಓಡ್ಸು. ಕೈ ಮುಗೀತೀನಿ" ಎಂದರು. ಡ್ರೈವರಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಅವನು ಮುಂದಿನ ಗಾಡಿಗಳ ಸಾಲನ್ನು ಕೈಮಾಡಿ ತೋರಿಸಿದ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಬಂದರಿನ ಬಾಗಿಲು ಮುಚ್ಚಿತ್ತು.

ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ಹೊತ್ತು ಮೀರಿದೆ, ಇನ್ನು ಯಾರನ್ನೂ ಒಳಗೆ ಬಿಡುವ ಹಾಗಿಲ್ಲ ಎಂದರು. ಗೋಡೆಯಾಚೆ ಹಡಗು ಕಾಣುತ್ತಿತ್ತು. ಬೆಳ್ಳಗೆ, ಎತ್ತರಕ್ಕೆ, ಸಾಲುಸಾಲು ಕಿಟಕಿಗಳ ಹಡಗು. ಹೊರಡಲು ಇನ್ನೂ ಹೊತ್ತಿತ್ತು, ಅಲ್ಲೇ ನಿಂತಿತ್ತು! ನಾನು ಇಂಗ್ಲಿಷಿನಲ್ಲಿ ಬೇಡಿದೆ. ಮಾವ ಕನ್ನಡದಲ್ಲಿ ಬೇಡಿದರು. "ನಾನ್ ಬರಾಕಿಲ್ಲ ಸಾಮಿ, ಇವ್ಳೊಬ್ಳನ್ನ ಬುಡಿ" ಎಂದರು. ಅವರು ಆಗುವುದಿಲ್ಲವೆಂದು ತಲೆಯಾಡಿಸಿದರು. ಸಂತೆಯಾಗಿದ್ದರೆ ಮಾವ ಅಲ್ಲಿಂದ ಹೊರಟುಬಿಡುತ್ತಿದ್ದರು. ಇಲ್ಲಿ ಹೊರಡಲಿಲ್ಲ. ಬಾಗಿಲಿನ ಕಂಬಿ ಹಿಡಿದು ನಿಂತೇ ಇದ್ದರು.

ನನಗೆ ಬಂದ ಕೋಪ ಹೇಳತೀರದು. ಮಾವನನ್ನು ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು. ಅತ್ತೆ ಅಳುತ್ತಾರೇನೋ ಎಂದು ನೋಡಿದರೆ ಅವರು ಪೆಟ್ಟಿಗೆಯ ಮೇಲೆ ಕೂತು ಸೀರೆಯ ನೆರಿಗೆಯನ್ನು ಒಂದೊಂದಾಗಿ ನೀವುತ್ತಿದ್ದರು. ಅತ್ತಿದ್ದರೆ ಚೆನ್ನಾಗಿತ್ತು. ನನ್ನ ಕೋಪಕ್ಕೆ ಒಂದು ದಾರಿ ಸಿಗುತ್ತಿತ್ತು. ಕೊನೆಯ ನೆರಿಗೆಯನ್ನೂ ನೀವಿದ ಮೇಲೆ, "ನಿಮ್ ಮಾವನ್ನ ಕರಿ ಮಗಾ, ಬಿಸ್ಲಲ್ಲಿ ನಿಂತವ್ರೆ" ಎಂದರು.

ಮಾವ ಬಂದರು, ಆದರೆ ಕೂರಲಿಲ್ಲ. ಕಾವಲುಗಾರನ ಹತ್ತಿರ ಹೋಗಿ ಕೈಸನ್ನೆಯಲ್ಲಿ ಏನೋ ಕೇಳಿಕೊಂಡು ಬಂದು, "ನಡೀರಿ" ಎಂದು ಪೆಟ್ಟಿಗೆ ಎತ್ತಿಕೊಂಡರು. ಒಂದು ಆಟೋ ನಿಲ್ಲಿಸಿದರು. ಆಟೋದವನು ಹೇಳಿದ್ದನ್ನು ಇಳಿದ ಮೇಲೆ ಎಣಿಸಿ ಕೊಟ್ಟರು. ಎಲ್ಲಿಗೆ ಎಂದು ನಾನೂ ಕೇಳಲಿಲ್ಲ. ನಾವು ಇಳಿದದ್ದು ದೋಣಿಕಟ್ಟೆಯಲ್ಲಿ. ಕೊಚ್ಚಿಯ ಹಳೆಯ ಕೋಟೆಯ ಕಡೆಯಿಂದ ಎದುರಿನ ದ್ವೀಪಕ್ಕೆ ಜನರನ್ನು, ಬೈಕುಗಳನ್ನು, ಮೀನಿನ ಬುಟ್ಟಿಗಳನ್ನು ದಾಟಿಸುವ ಯಂತ್ರದ ದೋಣಿ ಅದು. ಬಸ್ಸಿಗಿಂತ ಕಡಿಮೆ ದರ, ಅದೂ ಬೋರ್ಡಿನಲ್ಲಿ ಬರೆದದ್ದು. ಮಾವ ಸಾಲಿನಲ್ಲಿ ನಿಂತು ಟಿಕೆಟು ತಂದರು. ಅತ್ತೆಯ ತೋಳು ಹಿಡಿದು ಹತ್ತಿಸಿ, ಕಂಬಿಯ ಪಕ್ಕ ಕೂರಿಸಿದರು.

ದೋಣಿ ಆಚೆ ದಡ ಮುಟ್ಟಿತು. ಎಲ್ಲರೂ ಇಳಿದರು, ನಾವೂ ಇಳಿದೆವು. ಮಾವ ಮತ್ತೆ ಸಾಲಿಗೆ ಹೋಗಿ ನಿಂತರು. ಈ ದಡಕ್ಕೆ ಬಂದೆವು. ಮತ್ತೆ ಸಾಲು, ಮತ್ತೆ ಟಿಕೆಟು. ಹೀಗೆ ಎಷ್ಟು ಸಲ ಹೋಗಿ ಬಂದೆವೋ! ಟಿಕೆಟಿನವನು ಮೊದಮೊದಲು ನಕ್ಕ, ಆಮೇಲೆ ಮಾವನನ್ನು ಕಂಡ ಕೂಡಲೇ ಕೇಳದೆಯೇ ಹರಿದು ಕೊಡತೊಡಗಿದ. ಎರಡು ದಡಗಳ ನಡುವೆ ಬಂದಾಗ ಒಂದು ಪಕ್ಕಕ್ಕೆ ನೆಲವೇ ಇಲ್ಲದ ಜಾಗವೊಂದಿತ್ತು, ಸಮುದ್ರದ ಬಾಯಿ. ದೋಣಿ ಅಲ್ಲಿಗೆ ಬಂದಾಗಲೆಲ್ಲ ಅತ್ತೆ ಎದ್ದು ನಿಲ್ಲುತ್ತಿದ್ದರು. ದಾಟಿದ ಮೇಲೆ ಕೂರುತ್ತಿದ್ದರು. ನನ್ನ ಕೋಪ ಯಾವ ಸಲದ ದಾಟುವಿಕೆಯಲ್ಲಿ ಇಳಿದುಹೋಯಿತೋ ನನಗೆ ಗೊತ್ತಾಗಲಿಲ್ಲ.

ಸಂಜೆ ನಮ್ಮ ದೋಣಿ ನಡುನೀರಿನಲ್ಲಿ ಯಂತ್ರ ನಿಧಾನಿಸಿ ನಿಂತಿತು. ದೊಡ್ಡ ಹಡಗು ಹೊರಗೆ ಹೋಗುವಾಗ ಸಣ್ಣವು ದಾರಿ ಬಿಡಬೇಕು. ಅದು ಬಂತು. ಮಧ್ಯಾಹ್ನ ಗೋಡೆಯಾಚೆ ಕಂಡ ಅದೇ ಬಿಳಿಯ ಹಡಗು, ಈಗ ಕತ್ತು ಎತ್ತಿ ನೋಡುವಷ್ಟು ಹತ್ತಿರದಲ್ಲಿ, ಸದ್ದೇ ಇಲ್ಲದೆ ಸಮುದ್ರದ ಕಡೆಗೆ ಸರಿಯಿತು. ಮೇಲೆ ಸಾಲಾಗಿ ನಿಂತ ಜನ ಕೈಬೀಸುತ್ತಿದ್ದರು. ನಮ್ಮ ದೋಣಿಯವರೂ ಬೀಸಿದರು. ಅತ್ತೆ ಕಂಬಿ ಹಿಡಿದು ಎದ್ದು ನಿಂತರು.

ಮಾವ ಹಡಗಿನ ಕಡೆ ನೋಡಲಿಲ್ಲ. ಅತ್ತೆಯ ಪಾದದ ಹತ್ತಿರ ಎಲ್ಲೋ ನೋಡುತ್ತಾ, "ಯಾವೋನೂ ನಮ್ಗೆ ಮೋಸ ಮಾಡ್ಬಾರ್ದು ಅಂತ ಇಷ್ಟ್ ದಿಸ ಕಾವ್ಲು ಕಾದೆ ಕಣಮ್ಮಿ. ಕೊನೀಗ್ ನೋಡುದ್ರೆ ನಾನೇ ನಿಂಗ್ ಮೋಸ ಮಾಡ್ಬುಟ್ಟೆ" ಎಂದರು.

ಇಲ್ಲ ಎನ್ನುತ್ತಾರೆ ಅತ್ತೆ, ಹೋಗಲಿ ಬಿಡಿ ಎನ್ನುತ್ತಾರೆ ಎಂದುಕೊಂಡೆ. ಅವರು ಹಾಗನ್ನಲಿಲ್ಲ.

"ಊಂ, ಮಾಡ್ಬುಟ್ರಿ" ಎಂದರು. ಸೆರಗು ಸರಿಮಾಡಿಕೊಂಡು, "ಈಗ ತಲೆ ಎತ್ತಿ ಅತ್ಲಾಗ್ ನೋಡಿ. ಅಷ್ಟ್ ದೊಡ್ಡ್ ಅಡಗು ಓಯ್ತಾ ಅದೆ, ನೀವ್ ನೋಡ್ದೆ ಇದ್ರೆ ನಾನ್ ಯಾರ್ ಜೊತೆ ಮಾತಾಡ್ಲಿ ನಾಳೀಕೆ?" ಎಂದರು.

ಮಾವ ತಲೆ ಎತ್ತಿದರು. ಅತ್ತೆ ಅವರ ಮಣಿಕಟ್ಟು ಹಿಡಿದು ಕೈಯನ್ನು ಮೇಲಕ್ಕೆತ್ತಿದರು. "ಬೀಸಿ. ಅವ್ರೆಲ್ಲ ಬೀಸ್ತಾವ್ರೆ."

ಮಾವ ಬೀಸಿದರು. ಹಡಗು ದೂರವಾಯಿತು, ಮೇಲಿನ ಜನ ಚುಕ್ಕೆಗಳಾದರು, ದೋಣಿಯವರೆಲ್ಲ ಕೈ ಇಳಿಸಿದರು, ನಮ್ಮ ದೋಣಿ ಮತ್ತೆ ದಡದ ಕಡೆ ತಿರುಗಿತು. ಮಾವ ಮಾತ್ರ ನಿಲ್ಲಿಸದೆ ಬೀಸುತ್ತಲೇ ಇದ್ದರು. ಅತ್ತೆಯೇ ಆ ಕೈಯನ್ನು ಕೆಳಗಿಳಿಸಿ, ತಮ್ಮ ಮಡಿಲಿನಲ್ಲಿ ಇಟ್ಟುಕೊಂಡು, ಮೇಲೆ ತಮ್ಮ ಕೈ ಇಟ್ಟರು.